ಯಾರ ಲಾಭ, ಯಾರ ನಷ್ಟ: ಉತ್ತರ ಕನ್ನಡದ ಯೋಜನೆಗಳ ಲೆಕ್ಕದಲ್ಲಿ ಕಾಣದ ಕಾಲಂ

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರಿನಲ್ಲಿ ಪರಿಸರ ಅಹವಾಲು ಸಭೆಗಳು ನಡೆದವು. ಅವುಗಳ ಬಗ್ಗೆ ನಡೆದ ಚರ್ಚೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬಂತು. ಎಂಜಿನಿಯರುಗಳು ಲೆಕ್ಕ ಹೇಳುತ್ತಾರೆ, ಊರಿನವರು ಭಾವನೆ ಹೇಳುತ್ತಾರೆ, ಹಾಗಾಗಿ ಇಬ್ಬರಿಗೂ ಹೊಂದಾಣಿಕೆ ಆಗುವುದಿಲ್ಲ ಅಂತ. ಸಭ್ಯವಾಗಿ ಕೇಳಿಸುವ ಈ ಮಾತು ನಮ್ಮ ಜಿಲ್ಲೆಗೆ ತುಂಬ ಹಾನಿ ಮಾಡಿದೆ. ಲೆಕ್ಕ ಸರ್ಕಾರದ ಸ್ವತ್ತು, ಕಣ್ಣೀರು ಜನರ ಸ್ವತ್ತು ಎಂದು ಪಾಲು ಮಾಡಿಕೊಟ್ಟ ಮೇಲೆ ತೀರ್ಮಾನ ಯಾವ ಕಡೆಗೆ ವಾಲುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಗೇರುಸೊಪ್ಪೆಯ ರೈತನೂ ಲೆಕ್ಕವನ್ನೇ ಹೇಳುತ್ತಿದ್ದಾನೆ. ಅವನ ಲೆಕ್ಕದಲ್ಲಿ ಇರುವ ಕಾಲಂಗಳು ಯೋಜನಾ ವರದಿಯಲ್ಲಿ ಇಲ್ಲ, ವ್ಯತ್ಯಾಸ ಅಷ್ಟೇ.

ಯೋಜನೆಯ ತಿರುಳು ಸರಳ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ವಿದ್ಯುತ್ ಹೆಚ್ಚಾಗಿ ಸಿಗುವ ಹೊತ್ತಿನಲ್ಲಿ ನೀರನ್ನು ಕೆಳಗಿನಿಂದ ಮೇಲಕ್ಕೆ ಎತ್ತುವುದು, ಬೇಡಿಕೆ ಏರುವ ಸಂಜೆ ಹೊತ್ತಿಗೆ ಅದೇ ನೀರನ್ನು ಬಿಟ್ಟು 2000 ಮೆಗಾವಾಟ್ ವಿದ್ಯುತ್ ತೆಗೆಯುವುದು. ಇಂಥ ಸ್ಥಾವರಗಳಲ್ಲಿ ನೀರೆತ್ತಲು 100 ಯೂನಿಟ್ ಖರ್ಚಾದರೆ ತಿರುಗಿ ಸಿಗುವುದು ಸುಮಾರು 75ರಿಂದ 80 ಯೂನಿಟ್. 'ಕೊಟ್ಟದ್ದಕ್ಕಿಂತ ಕಡಿಮೆ ಬರುವ ಯೋಜನೆ ಯಾಕೆ?' ಎಂದು ಭಾಷಣಗಳಲ್ಲಿ ಕೇಳುತ್ತಾರೆ. ಪ್ರಶ್ನೆ ಅಷ್ಟು ಗಟ್ಟಿಯಾದದ್ದಲ್ಲ. ಪಾವಗಡದಂಥ ಸೌರ ಪಾರ್ಕುಗಳಿಂದ ಹಗಲಲ್ಲಿ ಬರುವ ವಿದ್ಯುತ್ತನ್ನು ರಾತ್ರಿಗೆ ಉಳಿಸಿಕೊಳ್ಳಲು ಎಲ್ಲಾದರೂ ಒಂದು ಬೆಲೆ ತೆರಲೇಬೇಕು. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲ ಎಂಬ ವಾದದಲ್ಲೂ ಹುರುಳಿದೆ. ಕೇಳಬೇಕಾದ ಗಟ್ಟಿ ಪ್ರಶ್ನೆಗಳು ಬೇರೆ. ಅದೇ ಕೆಲಸವನ್ನು ಬ್ಯಾಟರಿಯಿಂದಲೋ ರಾಜ್ಯದ ಇನ್ನೊಂದು ಜಾಗದಲ್ಲೋ ಮಾಡಿದರೆ ಎಷ್ಟು ಖರ್ಚು? ಸಿಂಗಳೀಕಗಳ ಅಭಯಾರಣ್ಯದ ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆದಾಗ ಮೇಲಿನ ಒರತೆಗಳು ಏನಾಗುತ್ತವೆ? ಕೆಳಗೆ ಹೊನ್ನಾವರದ ಕಡೆ ಹೊಳೆಯ ಉಪ್ಪುನೀರು ಮೇಲೇರಿದರೆ ಬಾವಿ ಕೆಟ್ಟವರಿಗೆ ಯಾರು ಏನು ಕೊಡುತ್ತಾರೆ? ಇವುಗಳಲ್ಲಿ ಒಂದೂ ಭಾವನೆಯ ಪ್ರಶ್ನೆ ಅಲ್ಲ.

ಇಂಥ ಪ್ರಶ್ನೆ ಕೇಳುವ ಅಭ್ಯಾಸ ನಮ್ಮ ನೆಲಕ್ಕೆ ಹೊಸದಲ್ಲ. ಯಲ್ಲಾಪುರದ ಮಾಗೋಡು ಬಳಿ ಬೇಡ್ತಿ ನದಿಗೆ 210 ಮೆಗಾವಾಟ್‌ನ ಜಲವಿದ್ಯುತ್ ಯೋಜನೆ ಬಂದಾಗ ಅಡಿಕೆ ತೋಟಿಗರು ಧರಣಿ ಕೂತು ಸುಮ್ಮನಾಗಲಿಲ್ಲ. 1981ರ ಜನವರಿಯಲ್ಲಿ ಶಿರಸಿಯಲ್ಲಿ, ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ನಮ್ಮೆಲ್ಲರ ಟಿಎಸ್‌ಎಸ್, ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಎಂಜಿನಿಯರುಗಳನ್ನೂ ಕರೆಸಿ ವಿಚಾರ ಸಂಕಿರಣ ನಡೆಸಿತು. ಅಡಿಕೆ ವ್ಯಾಪಾರಕ್ಕೆಂದು 1923ರಲ್ಲಿ ಹುಟ್ಟಿದ ಸಂಘ ಅದು. ತಟ್ಟಿ ತೂಗಿ ಗುಣ ನೋಡಿ ದರ ಕಟ್ಟುವುದು ದಿನನಿತ್ಯದ ಕೆಲಸವಾಗಿದ್ದ ಜನ ಸರ್ಕಾರದ ಯೋಜನಾ ವರದಿಯನ್ನೂ ಹಾಗೇ ತಕ್ಕಡಿಗೆ ಹಾಕಿದರು. ಮುಳುಗುವ ಕಾಡಿನ ಬೆಲೆ ಎಲ್ಲಿ, ತಲೆಮಾರುಗಳಿಂದ ಬಂದ ತೋಟದ ಆದಾಯ ಎಲ್ಲಿ, ಎಬ್ಬಿಸಿದವರಿಗೆ ನೆಲೆ ಕೊಡುವ ವೆಚ್ಚ ಎಷ್ಟು, ಅದೇ ಶಕ್ತಿಯನ್ನು ಬೇರೆ ದಾರಿಯಿಂದ ಪಡೆಯಬಹುದೇ ಎಂದು ಒಂದೊಂದಾಗಿ ಕೇಳಿದರು. ಯೋಜನೆ ಮುಂದೆ ಹೋಗಲಿಲ್ಲ. ದೇಶದಲ್ಲಿ ಒಂದು ದೊಡ್ಡ ಅಣೆಕಟ್ಟಿನ ಲಾಭ ನಷ್ಟವನ್ನು ಅದರ ಬಿಸಿ ತಟ್ಟುವ ಜನರೇ ಮುಂದೆ ನಿಂತು ಸಾರ್ವಜನಿಕವಾಗಿ ಪರಿಶೀಲಿಸಿದ ಮೊದಮೊದಲ ಪ್ರಸಂಗಗಳಲ್ಲಿ ಅದೂ ಒಂದು. ಎರಡು ವರ್ಷ ಕಳೆದು 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿ ನಿಂತದ್ದು ನಾಡಿಗೆಲ್ಲ ಗೊತ್ತು. ಆ ಅಪ್ಪಿಕೋ ಚಳವಳಿಯ ದೃಶ್ಯ ಕಣ್ಣಿಗೆ ಕಟ್ಟುವಂಥದ್ದು, ಆದ್ದರಿಂದ ಉಳಿಯಿತು. ಬೇಡ್ತಿ ಸಂಕಿರಣದ ಲೆಕ್ಕದ ಹಾಳೆಗಳು ಜನರ ನೆನಪಿನಿಂದ ಜಾರಿದವು. ನನ್ನ ಮಟ್ಟಿಗೆ ಇವತ್ತಿನ ಹೋರಾಟಗಾರರು ಹುಡುಕಿ ಓದಬೇಕಾದ್ದು ಆ ಹಾಳೆಗಳನ್ನು.

ಯೋಜನೆಗಳ ಹಣೆಬರಹ ತೀರ್ಮಾನಿಸುವ ಈ ಲಾಭ-ವೆಚ್ಚದ ಲೆಕ್ಕಕ್ಕೆ ಒಂದು ಚರಿತ್ರೆ ಇದೆ. 1844ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡ್ಯುಪ್ಯುಯಿ ಸೇತುವೆ, ಕಾಲುವೆಗಳಂಥ ಸಾರ್ವಜನಿಕ ಕಾಮಗಾರಿಯಿಂದ ಜನರಿಗೆ ಆಗುವ ಉಪಯೋಗವನ್ನು ಅಳೆಯುವುದು ಹೇಗೆಂದು ಬರೆದ. ಅಮೆರಿಕ 1936ರ ಪ್ರವಾಹ ನಿಯಂತ್ರಣ ಕಾಯ್ದೆಯಲ್ಲಿ ಅದನ್ನು ಕಾನೂನಾಗಿಸಿತು. ಲಾಭ ಯಾರಿಗೇ ಸಿಗಲಿ, ಒಟ್ಟು ಲಾಭ ಒಟ್ಟು ವೆಚ್ಚವನ್ನು ಮೀರಿದರೆ ಸಾಕು ಎಂಬುದು ಆ ಕಾಯ್ದೆಯ ಸಾರ. 'ಯಾರಿಗೇ ಸಿಗಲಿ' ಎಂಬುದನ್ನು ಇನ್ನೊಮ್ಮೆ ಓದಿ. ಆಮೇಲಿನ ಒಂಬತ್ತು ದಶಕಗಳ ವಿವಾದದ ಬೇರು ಅಲ್ಲೇ ಇದೆ. 1939ರಲ್ಲಿ ನಿಕೋಲಸ್ ಕಾಲ್ಡೋರ್ ಮತ್ತು ಜಾನ್ ಹಿಕ್ಸ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೊಂದು ಸಮರ್ಥನೆ ಕೊಟ್ಟರು. ಗೆದ್ದವರು ಸೋತವರ ನಷ್ಟ ತುಂಬಿಕೊಟ್ಟ ಮೇಲೂ ಅವರ ಕೈಯಲ್ಲಿ ಒಂದಿಷ್ಟು ಉಳಿಯುವಂತಿದ್ದರೆ ಆ ಬದಲಾವಣೆ ಒಳ್ಳೆಯದೇ ಎಂದರು. ತುಂಬಿಕೊಡುವ ಶಕ್ತಿ ಇದ್ದರಾಯಿತು, ನಿಜವಾಗಿ ತುಂಬಿಕೊಟ್ಟರೋ ಇಲ್ಲವೋ ಎಂಬುದನ್ನು ಈ ಸೂತ್ರ ನೋಡುವುದಿಲ್ಲ.

ಆ ಸೂತ್ರ ನೆಲದ ಮೇಲೆ ಹೇಗೆ ಕಾಣುತ್ತದೆ ಎಂಬುದಕ್ಕೆ ಶರಾವತಿಯೇ ಸಾಕ್ಷಿ. 1964ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಲ್ಲಿಂದ ಬಂದ ವಿದ್ಯುತ್ತಿನಿಂದ ರಾಜ್ಯದ ಕಾರ್ಖಾನೆಗಳು ನಡೆದವು, ಬೆಂಗಳೂರು ಬೆಳೆಯಿತು, ಒಟ್ಟು ಮೊತ್ತದಲ್ಲಿ ಲಾಭ ದೊಡ್ಡದೇ. ಎಬ್ಬಿಸಿದ ಕುಟುಂಬಗಳು ಹೋಗಿ ಕೂತ ಭೂಮಿಯ ಹಕ್ಕುಪತ್ರದ ತಕರಾರು ಮಾತ್ರ ಆರು ದಶಕ ಕಳೆದರೂ ಬಗೆಹರಿದಿಲ್ಲ. ಕಾಳಿಯ ಸೂಪಾ ಅಣೆಕಟ್ಟಿನಲ್ಲಿ ಸೂಪಾ ಪೇಟೆಯೇ ಮುಳುಗಿತು, ಜನರನ್ನು ರಾಮನಗರಕ್ಕೆ ಸಾಗಿಸಿದರು. ಕಾರವಾರ, ಅಂಕೋಲಾ ತಾಲೂಕಿನ ಕಡಲಂಚಿನ ಊರುಗಳು ಸೀಬರ್ಡ್ ನೌಕಾನೆಲೆಗೆ ಹೋದವು, ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಒಂದೇ ಸೀಮೆ ಇಷ್ಟು ಸಲ ಒಟ್ಟು ಮೊತ್ತದ ಹೆಸರಿನಲ್ಲಿ ಕಳೆದುಕೊಂಡಾಗ, ಮುಂದಿನ ಯೋಜನೆಗೆ ಅದು ತೋರಿಸುವ ಅನುಮಾನವನ್ನು ಅಜ್ಞಾನ ಎನ್ನಲಾಗದು. ಅನುಭವದಿಂದ ಕಟ್ಟಿಕೊಂಡ ಅಂದಾಜು ಅದು.

ಭಾರತದಲ್ಲಿ 1960ರ ದಶಕದಿಂದ ನೀರಾವರಿ ಯೋಜನೆಗಳಿಗೆ ಲಾಭ ವೆಚ್ಚದ ಒಂದೂವರೆ ಪಟ್ಟಾದರೂ ಇರಬೇಕು ಎಂಬ ಅಳತೆಗೋಲು ಬಂತು, ಬರಪೀಡಿತ ಪ್ರದೇಶಕ್ಕೆ ಅದನ್ನು ಸಡಿಲಿಸಿದರು. ಉದ್ದೇಶ ಒಳ್ಳೆಯದೇ. ಮಂತ್ರಿಯ ಊರು, ಗುತ್ತಿಗೆದಾರನ ಒತ್ತಡ ಇವುಗಳ ಮೇಲೆ ಕಾಮಗಾರಿ ಮಂಜೂರಾಗುವುದಕ್ಕಿಂತ ಒಂದು ಸಂಖ್ಯೆಯ ಮೇಲೆ ಆಗುವುದು ಮೇಲು. ಆದರೆ ಪಾಸಾಗಲು ಎಷ್ಟು ಅಂಕ ಬೇಕೆಂದು ಮೊದಲೇ ಗೊತ್ತಿದ್ದರೆ ವರದಿ ಬರೆಯುವವರ ಕೈ ಅಂಕದ ಕಡೆಗೇ ಎಳೆಯುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಜಗತ್ತಿನ 245 ದೊಡ್ಡ ಅಣೆಕಟ್ಟುಗಳ ಕಡತ ತೆಗೆದು ನೋಡಿದಾಗ, ನಿಜವಾದ ವೆಚ್ಚ ಅಂದಾಜಿಗಿಂತ ಸರಾಸರಿ ಶೇ. 96ರಷ್ಟು ಹೆಚ್ಚಾಗಿತ್ತು. ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಒಂದೂವರೆ ಪಟ್ಟು ಲಾಭವೆಂದು ಪಾಸಾದ ಯೋಜನೆಯ ವೆಚ್ಚ ಇಮ್ಮಡಿಸಿದರೆ ಅದು ನಷ್ಟದ ಯೋಜನೆ. ಇದನ್ನು ಹೇಳಲು ಪರಿಸರವಾದಿಯೇ ಆಗಬೇಕಿಲ್ಲ, ಏಳನೇ ತರಗತಿಯ ಗಣಿತ ಸಾಕು.

ಈ ಲೆಕ್ಕದಲ್ಲಿ ಜನರ ಕಣ್ಣಿಗೆ ಬೀಳದ, ಆದರೆ ಎಲ್ಲಕ್ಕಿಂತ ಬಲವಾದ ಒಂದು ಅಂಕಿ ಇದೆ. ಭವಿಷ್ಯದ ರೂಪಾಯಿಯನ್ನು ಇವತ್ತಿನ ರೂಪಾಯಿಗೆ ಇಳಿಸುವ ದರ. ಇವತ್ತಿನ ನೂರು ರೂಪಾಯಿ ಮುಂದಿನ ವರ್ಷದ ನೂರಕ್ಕಿಂತ ಹೆಚ್ಚು, ಏಕೆಂದರೆ ಇವತ್ತೇ ಬಡ್ಡಿಗೆ ಹಾಕಬಹುದು. ಇದು ಸಹಜ ತರ್ಕ. ಆದರೆ ವರ್ಷಕ್ಕೆ ಶೇ. 10ರ ದರದಲ್ಲಿ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಐವತ್ತು ವರ್ಷದ ನಂತರದ 100 ರೂಪಾಯಿಗೆ ಇವತ್ತಿನ ಬೆಲೆ 85 ಪೈಸೆ! ಐವತ್ತು ವರ್ಷಕ್ಕೆ ಬತ್ತುವ ಒರತೆ, ಅಷ್ಟೊತ್ತಿಗೆ ಇಲ್ಲವಾಗುವ ಮೀನು, ನಮ್ಮ ಮೊಮ್ಮಕ್ಕಳ ಕಾಲದ ಭೂಕುಸಿತ, ಎಲ್ಲವೂ ಈ ಸೂತ್ರದ ಕೆಳಗೆ ಪೈಸೆಗಳಾಗುತ್ತವೆ. ಅಡಿಕೆ ಸಸಿ ನೆಟ್ಟವನಿಗೆ ಫಸಲು ಕಾಣಲು ಐದಾರು ವರ್ಷ ಬೇಕು, ಮರ ಅರ್ಧ ಶತಮಾನ ಬಾಳುತ್ತದೆ. ಶೇ. 10ರ ಲೆಕ್ಕ ಹಿಡಿದು ಕೂತಿದ್ದರೆ ಶಿರಸಿ, ಸಿದ್ದಾಪುರದ ಹಳೇ ತೋಟಗಳಲ್ಲಿ ಹಲವು ಹುಟ್ಟುತ್ತಲೇ ಇರಲಿಲ್ಲ. ದರ ಎಷ್ಟಿರಬೇಕು ಎನ್ನುವುದು ಗಣಿತ ತೀರ್ಮಾನಿಸುವ ವಿಷಯ ಅಲ್ಲ. ಇನ್ನೂ ಹುಟ್ಟದವರಿಗೆ ನಾವು ಎಷ್ಟು ಬೆಲೆ ಕೊಡುತ್ತೇವೆ ಎಂಬ ನೈತಿಕ ಆಯ್ಕೆ ಅಲ್ಲಿ ಅಂಕಿಯ ವೇಷದಲ್ಲಿ ಕೂತಿದೆ.

ಕಾಡಿಗೆ ಬೆಲೆಯೇ ಕಟ್ಟಿಲ್ಲ ಎಂದು ಈಗ ಯಾರೂ ದೂರುವಂತಿಲ್ಲ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ, ಅರಣ್ಯಭೂಮಿ ಪಡೆಯುವವರು ಅದರ ನಿವ್ವಳ ಪ್ರಸಕ್ತ ಮೌಲ್ಯ, ಅಂದರೆ ಆ ಕಾಡು ಮುಂದೆ ಕೊಡುವ ಉಪಯೋಗದ ಇವತ್ತಿನ ಬೆಲೆ, ಕಟ್ಟಬೇಕು. 2008ರಲ್ಲಿ ನಿಗದಿಯಾದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ, ಅಭಯಾರಣ್ಯಕ್ಕೆ ಅದರ ಐದು ಪಟ್ಟು. ಆಮೇಲೆ ದರ ಏರಿದೆ. ಶರಾವತಿ ಯೋಜನೆಗೆ ಕೇಳಿರುವ ಅರಣ್ಯ ಸುಮಾರು 54 ಹೆಕ್ಟೇರ್. 2008ರ ಗರಿಷ್ಠ ದರವನ್ನೇ ಹಿಡಿದು ಐದು ಪಟ್ಟು ಮಾಡಿದರೂ 28 ಕೋಟಿ ಆದೀತು. ಎಂಟು ಸಾವಿರ ಕೋಟಿ ದಾಟುವ ಯೋಜನೆಯಲ್ಲಿ ಅದು ಶೇಕಡಾ ಅರ್ಧಕ್ಕಿಂತ ಕಡಿಮೆ. ಅಷ್ಟು ಸಣ್ಣ ಮೊತ್ತ ಯಾರ ನಿರ್ಧಾರವನ್ನೂ ಬದಲಿಸುವುದಿಲ್ಲ. ಬೆಲೆ ಕಟ್ಟಿದ್ದರಿಂದ ಕಾಡು ಉಳಿಯಬೇಕಿತ್ತು, ಕಾಡು ಕೊಡುವ ಕೆಲಸ ಸಲೀಸಾಯಿತು. ಮತ್ತೆ, ಆ ದುಡ್ಡು ಹೋಗುವುದು ಕಳೆದ ಕಾಡಿಗೆ ಬದಲು ಕಾಡು ಬೆಳೆಸಲು ಇರುವ ಕ್ಯಾಂಪಾ ನಿಧಿಗೆ. 2016ರ ಕಾಯ್ದೆ ಪ್ರಕಾರ ಶೇ. 90 ರಾಜ್ಯಕ್ಕೆ, ಶೇ. 10 ಕೇಂದ್ರಕ್ಕೆ. ಒರತೆ ಕಳೆದುಕೊಂಡ ಮನೆಯ ಹೆಸರು ಅದರಲ್ಲಿ ಇಲ್ಲ.

ಪರಿಹಾರದ ಮಾತಿಗೆ ಬಂದರೆ ಮನಶ್ಶಾಸ್ತ್ರವನ್ನೂ ಸ್ವಲ್ಪ ನೋಡಬೇಕು. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದ್ದು ಇದು: ಮನುಷ್ಯನಿಗೆ ನೂರು ರೂಪಾಯಿ ಕಳೆದುಕೊಂಡ ನೋವು, ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ದೊಡ್ಡದು. ಆಮೇಲಿನ ಪ್ರಯೋಗಗಳಲ್ಲಿ ಅದು ಸುಮಾರು ಎರಡು ಪಟ್ಟು ಎಂದು ಕಂಡಿತು. ಒಂದು ವಸ್ತು ಕೊಳ್ಳಲು ನಾವು ಎಷ್ಟು ಕೊಡುತ್ತೇವೆ ಎನ್ನುವುದಕ್ಕೂ ನಮ್ಮದೇ ಆದದ್ದನ್ನು ಬಿಟ್ಟುಕೊಡಲು ಎಷ್ಟು ಕೇಳುತ್ತೇವೆ ಎನ್ನುವುದಕ್ಕೂ ಬಹಳ ಅಂತರ. ಭೂಸ್ವಾಧೀನದ ಲೆಕ್ಕ ನಡೆಯುವುದು ಪೇಟೆ ಬೆಲೆಯಲ್ಲಿ, ಅಂದರೆ ಕೊಳ್ಳುವವನ ಕಡೆಯಿಂದ. ತೋಟ ಬಿಡಲಾರೆ ಎನ್ನುವ ಮುದುಕನನ್ನು ಹಟಮಾರಿ ಎನ್ನುವ ಮೊದಲು, ಅವನು ಎಂದೂ ಮಾರಲು ಇಟ್ಟಿರದ ವಸ್ತುವಿಗೆ ನಾವು ಮಾರಾಟದ ದರ ಹಚ್ಚುತ್ತಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಸಂಸ್ಥೆಗಳ ಲೆಕ್ಕ ದಿನನಿತ್ಯದ ಬದುಕಿನಲ್ಲಿ ಎಲ್ಲಿ ಎಡವುತ್ತದೆ ಎಂದು ನೋಡಲು ದೊಡ್ಡ ಅಣೆಕಟ್ಟೇ ಬೇಕಿಲ್ಲ, ಬೆಳೆ ವಿಮೆ ಸಾಕು. ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಈಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತ ಕಟ್ಟುವುದು ಶೇ. 5, ಅಂದರೆ 6,400 ರೂಪಾಯಿ. ಉಳಿದ ಪ್ರೀಮಿಯಂ ಕೇಂದ್ರ ಮತ್ತು ರಾಜ್ಯದ್ದು. ತೋಟಕ್ಕೆ ಬಂದು ಯಾರೂ ಕೊಳೆ ಅಡಿಕೆ ಎಣಿಸುವುದಿಲ್ಲ. ಪಂಚಾಯಿತಿಯ ಮಳೆಮಾಪನ ಯಂತ್ರ ಕಳಿಸಿದ ಅಂಕಿ ನಿಗದಿತ ಮಿತಿ ದಾಟಿದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಇಂಥ ವ್ಯವಸ್ಥೆಯ ಹಿಂದೆ ಬುದ್ಧಿವಂತಿಕೆ ಇದೆ. ಸಾವಿರಾರು ತೋಟಗಳನ್ನು ಪರಿಶೀಲಿಸುವ ಖರ್ಚಿಲ್ಲ, ಪರಿಶೀಲಕನ ಕೈ ಬಿಸಿ ಮಾಡಬೇಕಿಲ್ಲ, ಮಳೆ ಯಾರ ಮಾತನ್ನೂ ಕೇಳುವುದಿಲ್ಲ. ಆದರೆ ಕೊಳೆ ರೋಗ ಬರುವುದು ಒಟ್ಟು ಮಿಲಿಮೀಟರಿನಿಂದಲೇ ಅಲ್ಲ. ಎರಡನೇ ಸಲದ ಮದ್ದು ಹೊಡೆಯಲು ಮಳೆ ಹೊಳವಾಗಬೇಕು, ಆ ದಿನವೇ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗಬೇಕು, ಮದ್ದು ಕಾಯಿಗೆ ಅಂಟಲು ನಾಲ್ಕಾರು ತಾಸು ಬಿಡುವಾಗಬೇಕು. ನಿಲ್ಕುಂದದ ಮಳೆಗೂ ಬನವಾಸಿಯ ಮಳೆಗೂ ಅಜಗಜಾಂತರ ಇರುವ ನಾಡಿನಲ್ಲಿ, ಒಂದೇ ಪಂಚಾಯಿತಿಯ ಒಳಗೂ ಗುಡ್ಡದ ಈ ಮಗ್ಗುಲು ಆ ಮಗ್ಗುಲು ಬೇರೆ ಬೇರೆ. ಯಂತ್ರವೇ ಕೆಟ್ಟು ಕೂತರೆ ಪಕ್ಕದ ಊರಿನ ಅಂಕಿಯೇ ಗತಿ, ಈ ಬಗ್ಗೆ ಬೆಳೆಗಾರರು ವರ್ಷ ವರ್ಷ ದೂರು ಕೊಡುತ್ತಿದ್ದಾರೆ. ವಿಮೆಯ ಭಾಷೆಯಲ್ಲಿ ಇದು ಸೂಚ್ಯಂಕಕ್ಕೂ ನಿಜ ನಷ್ಟಕ್ಕೂ ನಡುವಿನ ಅಂತರ. ಕಂಪನಿಗಳಿಗೆ ಈ ಅಂತರ ಚೆನ್ನಾಗಿ ಗೊತ್ತಿರುವ ವಿಷಯ. ಅದರ ಭಾರ ಹೊರುವುದು ಮಾತ್ರ ರೈತನೊಬ್ಬನೇ. ಯಂತ್ರಗಳ ಸಂಖ್ಯೆ ಹೆಚ್ಚಿಸಿ, ಅವುಗಳ ದಿನದ ಅಂಕಿಯನ್ನು ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಅದಕ್ಕೆ ಹೊಸ ಕಾನೂನೇನೂ ಬೇಡ.

ಇನ್ನು ನಮ್ಮದೇ ಲೆಕ್ಕದ ಮಾತು. ಸರ್ಕಾರದ ಲೆಕ್ಕ ತಪ್ಪು, ಜನರ ವಿವೇಕ ಸರಿ ಎಂಬ ಹಾಡನ್ನು ನಾನು ಹಾಡಲಾರೆ. ಒಬ್ಬೊಬ್ಬನೂ ತನ್ನ ಮಟ್ಟಿಗೆ ಸರಿಯಾಗಿ ಲೆಕ್ಕ ಹಾಕಿ, ಎಲ್ಲರೂ ಸೇರಿ ಹಾಳಾದ ಪಾಠ ನಮ್ಮ ಕರಾವಳಿಯಲ್ಲೇ ಇದೆ. ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತಿನ ಗಜನಿಗಳನ್ನು, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳನ್ನು, ನೋಡಿ. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರಿಗೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ಒಡ್ಡಿನ ತೂಬಿನ ಹಲಗೆ ತೆಗೆದು ಹೊಳೆ ನೀರು ಒಳಬಿಡುತ್ತಿದ್ದರು. ಕೊಳೆತ ಕೂಳೆ ತಿಂದು ಮೀನು, ಶೆಟ್ಲಿ (ಸಿಗಡಿ) ಬೆಳೆಯುತ್ತಿದ್ದವು. ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರ, ಒಂದು ಚೀಲ ಯೂರಿಯಾ ಬೇಡ. ಮಣ್ಣಿನ ಒಡ್ಡನ್ನು ವರ್ಷಾ ವರ್ಷಾ ಗದ್ದೆ ಇದ್ದವರೆಲ್ಲ ಸೇರಿ ರಿಪೇರಿ ಮಾಡಬೇಕು, ಹಲಗೆ ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎಂದು ಕೂತು ತೀರ್ಮಾನಿಸಬೇಕು. ಗಜನಿಯಲ್ಲಿ ನೀರು ಒಂದೇ ಹಾಸು. ಒಬ್ಬನ ಗದ್ದೆಗೆ ಉಪ್ಪು ನುಗ್ಗಿದರೆ ಎಲ್ಲರ ಗದ್ದೆಗೂ ನುಗ್ಗಿದ ಹಾಗೇ.

ಕಲ್ಲಿನ ಶಾಶ್ವತ ಒಡ್ಡುಗಳು ಬಂದಾಗ ವಾರ್ಷಿಕ ರಿಪೇರಿಯ ಕಷ್ಟ ತಪ್ಪಿತು. ಆ ಕಷ್ಟದ ಜೊತೆಗೇ ವರ್ಷಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರುವ ಕಾರಣವೂ ತಪ್ಪಿತು. ಅಷ್ಟರಲ್ಲಿ ಸಿಗಡಿಗೆ ರಫ್ತಿನ ಬೆಲೆ ಬಂತು. ಭತ್ತದ ಆದಾಯ ಒಂದು ಕಡೆ, ಸಿಗಡಿ ಕೆರೆಯ ಗೇಣಿ ಇನ್ನೊಂದು ಕಡೆ ಇಟ್ಟು ನೋಡಿದರೆ ಯಾವ ಮನೆಯವನಿಗೂ ಗೇಣಿಯೇ ದೊಡ್ಡದಾಗಿ ಕಂಡಿತು. ಮಳೆಗಾಲದಲ್ಲೂ ಉಪ್ಪುನೀರು ಒಳಗೇ ನಿಂತಿತು. ಪಕ್ಕದವನು ಕಗ್ಗ ಬಿತ್ತುತ್ತೇನೆಂದರೂ ದಾರಿ ಉಳಿಯಲಿಲ್ಲ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ವೈರಸ್ ರೋಗ ದೇಶದ ಸಿಗಡಿ ಕೆರೆಗಳನ್ನು ಹೊಡೆಯಿತು. 1996ರ ಡಿಸೆಂಬರಿನಲ್ಲಿ ಕರಾವಳಿ ವಲಯದ ಸಿಗಡಿ ಕೆರೆಗಳ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಬಂತು. ಗೇಣಿಯ ಲೆಕ್ಕದಲ್ಲಿ ಈ ಎರಡಕ್ಕೂ ಕಾಲಂ ಇರಲಿಲ್ಲ. ಈಚೆಗೆ ಮಾಣಿಕಟ್ಟಾದ ರೈತರು ಕಗ್ಗದ ಬೀಜ ಉಳಿಸಿ ಮತ್ತೆ ಬಿತ್ತಿದ್ದು, 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ನನಗೆ ನಿಜವಾಗಿ ಸಂತೋಷ ಕೊಟ್ಟ ಸುದ್ದಿಗಳು. ಬೆಳಚು (ಚಿಪ್ಪುಮೀನು) ಹೆಕ್ಕಿ ಮನೆ ನಡೆಸುವ ಹೆಂಗಸರ ದುಡಿಮೆ ಇರುವುದೂ ಅದೇ ಅಳಿವೆಯಲ್ಲಿ. ಆ ದುಡಿಮೆಗೆ ಬಿಲ್ಲಿಲ್ಲ, ರಸೀದಿ ಇಲ್ಲ, ಆದ್ದರಿಂದ ಯಾವ ಬಂದರು ಯೋಜನೆಯ ವರದಿಯಲ್ಲೂ ಅದು ಸುಲಭವಾಗಿ ಅಂಕಿಯಾಗುವುದಿಲ್ಲ.

ಹಂಚಿಕೊಂಡ ಸಂಪತ್ತು ಹಾಳಾಗಲೇಬೇಕು ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದ. ಹಾಗೇನೂ ಇಲ್ಲ, ಬಳಸುವವರೇ ನಿಯಮ ಮಾಡಿ, ತಾವೇ ಕಾವಲಿದ್ದು, ತಪ್ಪಿದವರಿಗೆ ಮೊದಲು ಸಣ್ಣ ದಂಡ ಹಾಕುವ ಕಡೆ ಶತಮಾನಗಟ್ಟಲೆ ಉಳಿದಿದೆ ಎಂದು ಎಲಿನರ್ ಆಸ್ಟ್ರಂ ಜಗತ್ತಿನ ಊರೂರಿನ ಉದಾಹರಣೆ ಹಿಡಿದು ತೋರಿಸಿದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಕಾರವಾರದ ಬೈತಖೋಲದಿಂದ ಭಟ್ಕಳದವರೆಗಿನ ದಕ್ಕೆಗಳಲ್ಲಿ ಇದರ ಎರಡೂ ಮುಖ ಕಾಣುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಬಹುಮಟ್ಟಿಗೆ ನಡೆಯುತ್ತದೆ. ಎಲ್ಲರ ಬೋಟೂ ಎಲ್ಲರ ಕಣ್ಣೆದುರು ನಿಂತಿರುತ್ತದೆ, ಯಾರು ಹೋದರೂ ಗೊತ್ತಾಗುತ್ತದೆ. ಪ್ರಖರ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿತು, ಅದು ನಿಂತಿಲ್ಲ. ರಾತ್ರಿ ನಡುಕಡಲಲ್ಲಿ ನೋಡುವವರು ಯಾರು? ಸಾಲ ಮಾಡಿ ಜನರೇಟರ್ ಹಾಕಿಸಿದ ಬೋಟಿನ ಮಾಲೀಕನಿಗೆ, ತಾನು ಬಿಟ್ಟರೂ ಇನ್ನೊಬ್ಬ ಬಿಡುವುದಿಲ್ಲ ಎಂಬುದೇ ಲೆಕ್ಕ. ಆ ಒಬ್ಬ ಮನುಷ್ಯನ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಅದಕ್ಕೇ ಇಂಥಲ್ಲಿ ಉಪದೇಶ ನಾಟುವುದಿಲ್ಲ.

ಘಟ್ಟದ ಮೇಲಿನವರೂ ಇದನ್ನು ಕೇಳಿಸಿಕೊಳ್ಳಬೇಕು. ದರ ಏರಿದ್ದೇ ತಡ ಭತ್ತದ ಗದ್ದೆಗೆಲ್ಲ ಅಡಿಕೆ ಬಂತು. ಒಂದೊಂದು ಮನೆಯ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಕೂಲಿಯವರಿಲ್ಲ, ಮಕ್ಕಳು ಬೆಂಗಳೂರಲ್ಲಿ, ಭತ್ತದ ಗದ್ದೆ ದುಡಿಮೆಯನ್ನೂ ತುಂಬಿಕೊಡುವುದಿಲ್ಲ. ಎಲ್ಲರೂ ಅದನ್ನೇ ಮಾಡಿದಾಗ ಜಿಲ್ಲೆಯ ಬದುಕು ಒಂದೇ ಬೆಳೆಗೆ ನೇತುಬಿದ್ದಿದೆ, ಎಲೆಚುಕ್ಕಿ ರೋಗಕ್ಕೆ ತೋಟದಿಂದ ತೋಟಕ್ಕೆ ಹಾಸುಗಂಬಳಿ ಹಾಸಿದಂತಾಗಿದೆ. ಬೇಡ್ತಿ, ಅಘನಾಶಿನಿ ಕಣಿವೆ ಉಳಿಸಿ ಎನ್ನುವ ನಾವು ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು ಬೋಳಿಸಿದ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ಒಬ್ಬ ಮನುಷ್ಯ ಎಲ್ಲವನ್ನೂ ತೂಗಿ ನೋಡಿ ಅತ್ಯುತ್ತಮವನ್ನೇ ಆರಿಸುತ್ತಾನೆ ಎಂಬುದು ಹೇಗೂ ನಿಜವಲ್ಲ. ಹರ್ಬರ್ಟ್ ಸೈಮನ್‌ಗೆ 1978ರಲ್ಲಿ ನೊಬೆಲ್ ಬಂದದ್ದು ಹೆಚ್ಚುಕಡಿಮೆ ಈ ಮಾತಿಗೇ. ಸಮಯ, ಮಾಹಿತಿ, ತಲೆ ಎಲ್ಲಕ್ಕೂ ಮಿತಿ ಇರುವುದರಿಂದ ನಾವು ಸಾಕಷ್ಟು ಒಳ್ಳೆಯದು ಸಿಕ್ಕಲ್ಲಿ ನಿಲ್ಲುತ್ತೇವೆ. ಶಿರಸಿಯ ತೋಟಿಗ ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಪೂರ್ತಿ ಒಂದೇ ದಿನ ಮಾರುವುದಿಲ್ಲ. ಮಗಳ ಫೀಜಿಗೆ ಬೇಕಾದಷ್ಟು ಈಗ, ಉಳಿದದ್ದು ದರ ನೋಡಿಕೊಂಡು. ದರ ಊಹಿಸಲಾಗದು ಎಂಬುದು ಅವನಿಗೆ ಗೊತ್ತು, ಆದ್ದರಿಂದ ಊಹೆ ತಪ್ಪಿದರೂ ಮನೆ ಮುಳುಗದಂತೆ ಹಂಚಿಡುತ್ತಾನೆ. ಈ ಎಚ್ಚರ ನಮ್ಮ ದೊಡ್ಡ ಕಾಮಗಾರಿಗಳಲ್ಲಿ ಕಾಣುವುದಿಲ್ಲ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಾಗಿ ಕತ್ತರಿಸಿದ್ದ ಗುಡ್ಡ ರಸ್ತೆಯ ಮೇಲೂ ಗಂಗಾವಳಿಯ ಒಳಕ್ಕೂ ಜಾರಿತು. ಮೂರು ವಾರ ಕಳೆದು ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಪಕ್ಕದಲ್ಲೇ ಹೊಸ ಸೇತುವೆ ಕಟ್ಟಿದ್ದರೂ ಒಂದು ದಿಕ್ಕಿನ ಸಂಚಾರಕ್ಕೆ ನಾಲ್ಕು ದಶಕದ ಹಳೆಯದನ್ನೇ ಉಳಿಸಿಕೊಂಡಿದ್ದರು. ಎರಡನೇ ಹೊಸ ಸೇತುವೆಯ ದುಡ್ಡು ಉಳಿದದ್ದು, ಗುಡ್ಡವನ್ನು ಇಳಿಜಾರಾಗಿ ಕತ್ತರಿಸಲು ಬೇಕಾದ ಹೆಚ್ಚಿನ ಜಾಗ ಉಳಿದದ್ದು ಆವತ್ತೇ ಲೆಕ್ಕಕ್ಕೆ ಸಿಗುತ್ತದೆ. ಅಪರೂಪಕ್ಕೆ ಬರುವ ಅನಾಹುತ ಬರುವವರೆಗೆ ಸೊನ್ನೆಯಾಗಿಯೇ ಇರುತ್ತದೆ. ಬಂದ ದಿನ ಅದನ್ನು ತೆತ್ತವರು ಟೀ ಅಂಗಡಿಯವರು, ಲಾರಿ ಚಾಲಕರು, ಹೊಳೆಯಾಚೆ ಉಳುವರೆಯ ಜನ.

ಈಗ ಬೇಡ್ತಿಯ ನೀರನ್ನು ಎತ್ತಿ ಬಯಲಿನ ವರದಾ ನದಿಗೆ ಹರಿಸುವ ಬೇಡ್ತಿ-ವರದಾ ಜೋಡಣೆಯ ಮಾತು ಮತ್ತೆ ಎದ್ದಿದೆ. ಹಾವೇರಿ, ಗದಗ ಕಡೆಯ ರೈತನ ಬಾಯಾರಿಕೆ ಸುಳ್ಳಲ್ಲ. ನಮ್ಮ ನೀರು ಕೊಡುವುದಿಲ್ಲ ಎಂದು ಘಟ್ಟದವರು ಕೂಗಿದರೆ, ಕಡಲಿಗೆ ಹರಿದು ವ್ಯರ್ಥವಾಗುವ ನೀರು ಎಂದು ಬಯಲಿನವರು ಕೂಗುತ್ತಾರೆ. ಹೊಳೆ ಕಡಲು ಸೇರುವುದು ವ್ಯರ್ಥವಲ್ಲ ಎಂದು ಅಳಿವೆಯ ಯಾವ ಮೀನುಗಾರನೂ ಹೇಳಿಯಾನು. ಆದರೆ ಅದನ್ನು ಹಾವೇರಿಯವರಿಗೆ ಕೇಳಿಸುವಂತೆ ಹೇಳಲು ನಮಗೆ ಅಂಕಿ ಬೇಕು. ಪ್ರತಿ ಟಿಎಂಸಿ ಎತ್ತಲು ತಗಲುವ ವಿದ್ಯುತ್ ಎಷ್ಟು, ಬೇಸಿಗೆಯಲ್ಲಿ ಬೇಡ್ತಿಯಲ್ಲಿ ನಿಜವಾಗಿ ಹರಿಯುವುದೆಷ್ಟು, ಅಷ್ಟೇ ಹಣದಲ್ಲಿ ವರದಾ ಬಯಲಿನ ಎಷ್ಟು ಕೆರೆಗಳ ಹೂಳೆತ್ತಬಹುದು. ಈ ಲೆಕ್ಕವನ್ನು ಎರಡೂ ಕಡೆಯ ರೈತರು ಒಂದೇ ಮೇಜಿನಲ್ಲಿ ಕೂತು ಹಾಕಲಿ ಎಂಬುದು ನನ್ನ ಆಸೆ. ಇಲ್ಲವಾದರೆ ಎರಡೂ ಕಡೆಯವರು ಬೇರೆ ಯಾರೋ ಹಾಕಿಕೊಟ್ಟ ಲೆಕ್ಕಕ್ಕೆ ಜಗಳವಾಡುತ್ತಾರೆ.

ಕಾನೂನಿನಲ್ಲಿ ಇದಕ್ಕೆ ಬಾಗಿಲು ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಭೆಯಲ್ಲಿ ಎದ್ದ ಮುಖ್ಯ ಆಕ್ಷೇಪಗಳಿಗೆ ಯೋಜನೆ ತರುವವರು ಅಂತಿಮ ವರದಿಯಲ್ಲಿ ಉತ್ತರಿಸಬೇಕು. ಆ 30 ದಿನಗಳಲ್ಲಿ ಗ್ರಾಮಸಭೆಗಳು ನಾಲ್ಕು ಸಂಗತಿಗಳನ್ನು ಬರಹದಲ್ಲಿ ಕೇಳಬಹುದು. ಭವಿಷ್ಯದ ನಷ್ಟವನ್ನು ಇವತ್ತಿಗೆ ಇಳಿಸಲು ಬಳಸಿದ ದರ ಯಾವುದು, ವೆಚ್ಚ ಇಮ್ಮಡಿಯಾದರೂ ಯೋಜನೆ ಲಾಭದ್ದಾಗಿ ಉಳಿಯುತ್ತದೆಯೇ, ಪರಿಗಣಿಸಿ ಕೈಬಿಟ್ಟ ಬೇರೆ ದಾರಿಗಳ ವೆಚ್ಚ ಎಷ್ಟು, ಲಾಭ ಮತ್ತು ನಷ್ಟ ಯಾವ ತಾಲೂಕಿನ ಯಾವ ಕಸುಬಿನವರಿಗೆ ಎಷ್ಟೆಷ್ಟು ಹೋಗುತ್ತದೆ. ಅರ್ಜಿ ಕನ್ನಡದಲ್ಲಿ ಇರಲಿ, ಉತ್ತರವನ್ನೂ ಕನ್ನಡದಲ್ಲೇ ಕೇಳಲಿ. ಅರ್ಜಿಗೆ ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ಸಭೆಯ ನಡಾವಳಿಗೆ ಸೇರಿಸುವಂತೆ ಅಧ್ಯಕ್ಷತೆ ವಹಿಸಿದ ಅಧಿಕಾರಿಗೆ ಅಲ್ಲೇ ಹೇಳಬೇಕು.